ತನ್ನದೇ ಹಳೆಯ ಹಾಡಿನೊಡನೆ ಪೈಪೋಟಿ: ವೀಜರ್ ತಂಡದ ಮೂವತ್ತು ವರ್ಷ

2022ರ ಆಗಸ್ಟ್‌ನಲ್ಲಿ ಅಮೆರಿಕದ ರಾಕ್ ತಂಡ ವೀಜರ್, ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಮರುತಿಂಗಳು ನಡೆಸಬೇಕಿದ್ದ ಕಾರ್ಯಕ್ರಮಗಳನ್ನು ಕೈಬಿಟ್ಟಿತು. ಟಿಕೆಟ್‌ಗಳು ಸಾಕಷ್ಟು ಮಾರಾಟವಾಗಿರಲಿಲ್ಲ, ಖರ್ಚು ಮಾತ್ರ ವಿಪರೀತವಾಗಿತ್ತು. ಅಲ್ಲಿ ಹಾಡಬೇಕೆಂದುಕೊಂಡಿದ್ದುದು ಹೊಚ್ಚಹೊಸ ಹಾಡುಗಳನ್ನು. ವಿವಾಲ್ಡಿಯ ಋತುಸಂಗೀತದಿಂದ ಪ್ರೇರಣೆ ಪಡೆದು, ವರ್ಷದ ನಾಲ್ಕು ಋತುಗಳಿಗೆ ಒಂದೊಂದು ಗುಚ್ಛದಂತೆ ಆ ವರ್ಷವೇ ಅವು ಬಿಡುಗಡೆಯಾಗುತ್ತಿದ್ದವು. ಎರಡು ವರ್ಷ ಕಳೆದ ಮೇಲೆ, 2024ರ ಶರತ್ಕಾಲದಲ್ಲಿ, ಅದೇ ತಂಡ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುವ ದೊಡ್ಡ ದೊಡ್ಡ ಒಳಾಂಗಣ ಕ್ರೀಡಾಂಗಣಗಳಲ್ಲಿ ಅಮೆರಿಕದುದ್ದಕ್ಕೂ ಹಾಡುತ್ತಾ ಹೋಯಿತು. ಆಗ ಹಾಡಿದ್ದು 1994ರಲ್ಲಿ ಬಂದ ತನ್ನ ಮೊದಲ ಆಲ್ಬಂ ಅನ್ನು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ.

ಹಾಡುವವರು ಅವರೇ, ಬರೆದವರೂ ಅವರೇ. ಕೇಳುಗರು ಮಾತ್ರ ಹೊಸದಕ್ಕೆ ಬರಲಿಲ್ಲ, ಹಳೆಯದಕ್ಕೆ ಬಂದರು. ಇದು ವೀಜರ್ ಒಂದರ ಪಾಡಲ್ಲ. ಅಮೆರಿಕದಲ್ಲಿ ಜನ ಈಗ ಕೇಳುವ ಸಂಗೀತದಲ್ಲಿ ಶೇಕಡ 70ಕ್ಕೂ ಹೆಚ್ಚಿನ ಪಾಲು ಬಿಡುಗಡೆಯಾಗಿ ಹದಿನೆಂಟು ತಿಂಗಳು ದಾಟಿದ ಹಾಡುಗಳದು. ಉದ್ಯಮದವರು ಇವನ್ನು ಕ್ಯಾಟಲಾಗ್ ಎನ್ನುತ್ತಾರೆ. ಹಿಂದೆ ಅಂಗಡಿಯ ಕಪಾಟಿನಲ್ಲಿ ಜಾಗ ಸೀಮಿತವಾಗಿತ್ತು. ಹೊಸ ಕ್ಯಾಸೆಟ್ ಬಂದರೆ ಹಳೆಯದು ಹಿಂದಕ್ಕೆ ಸರಿಯಲೇಬೇಕಿತ್ತು, ರೇಡಿಯೊ ಕೂಡ ಹೊಸದನ್ನೇ ಬಾರಿಬಾರಿಗೂ ಹಾಕುತ್ತಿತ್ತು. ಈಗ ಮೊಬೈಲಿನಲ್ಲಿ ಕಲಾವಿದನ ಹೆಸರು ಹುಡುಕಿದರೆ ಮೊದಲು ಕಾಣುವುದು ಅತಿ ಹೆಚ್ಚು ಜನ ಕೇಳಿದ ಐದು ಹಾಡುಗಳು. ಐವತ್ತರ ಅಂಚಿನ ಗಾಯಕನ ಹೊಸ ಹಾಡಿಗೆ ಅವನ ಇಪ್ಪತ್ತಮೂರನೆಯ ವಯಸ್ಸಿನ ಹಾಡೇ ಎದುರಾಳಿಯಾಗಿ ನಿಲ್ಲುತ್ತದೆ.

ಈ ಎದುರಾಳಿಯನ್ನು ಸೋಲಿಸಲು ವೀಜರ್‌ನಷ್ಟು ದಾರಿಗಳನ್ನು ಹುಡುಕಿದ ತಂಡ ಇನ್ನೊಂದಿಲ್ಲ. ಕೇಳುಗರ ಮಾತನ್ನು ಕೇಳಿ ನೋಡಿತು, ಧಿಕ್ಕರಿಸಿ ನೋಡಿತು, ಲೆಕ್ಕ ಹಾಕಿ ನೋಡಿತು, ಕೊನೆಗೆ ತನ್ನನ್ನೇ ತಮಾಷೆ ಮಾಡಿಕೊಂಡೂ ನೋಡಿತು. ಹೊರಗಿನವರ ತೀರ್ಪಿಗೆ ಕಿವಿಗೊಡುವ ಅಭ್ಯಾಸವೇ ಈ ತಂಡವನ್ನು ಉಳಿಸಿತು, ಅದೇ ಅಭ್ಯಾಸ ಅದರ ಹಾಡುಗಳನ್ನು ತೆಳುವಾಗಿಸಿತು ಎಂಬುದು ನನ್ನ ವಾದ.

ತಂಡ ಶುರುವಾದದ್ದು 1992ರ ಫೆಬ್ರುವರಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ರಿವರ್ಸ್ ಕ್ವೋಮೊ ಗಿಟಾರ್ ಮತ್ತು ಗಾಯನ, ಪ್ಯಾಟ್ರಿಕ್ ವಿಲ್ಸನ್ ಡ್ರಮ್ಸ್, ಮ್ಯಾಟ್ ಶಾರ್ಪ್ ಬೇಸ್ ಗಿಟಾರ್, ಜೇಸನ್ ಕ್ರಾಪರ್ ಇನ್ನೊಂದು ಗಿಟಾರ್. ಮೊದಲ ಕಾರ್ಯಕ್ರಮ ನಡೆದದ್ದು ನಟ ಕೀಯಾನು ರೀವ್ಸ್ ಅವರ ಡಾಗ್‌ಸ್ಟಾರ್ ತಂಡದೊಂದಿಗೆ, ಒಂದೇ ರಾತ್ರಿ ಒಂದೇ ವೇದಿಕೆಯಲ್ಲಿ. ಕ್ವೋಮೊ ಅವರ ಬಾಲ್ಯಕ್ಕೆ ನಮ್ಮ ಕಡೆಯ ನಂಟೊಂದಿದೆ. ಅವರು ಬೆಳೆದದ್ದು ಕನೆಕ್ಟಿಕಟ್ ರಾಜ್ಯದ ಪಾಮ್‌ಫ್ರೆಟ್‌ನ ಆಶ್ರಮದಲ್ಲಿ. ಅದನ್ನು ಸ್ಥಾಪಿಸಿದವರು ಕೊಯಮತ್ತೂರು ಸೀಮೆಯವರಾದ ಸ್ವಾಮಿ ಸಚ್ಚಿದಾನಂದರು, 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಆರಂಭದಲ್ಲಿ ಪ್ರವಚನ ಮಾಡಿದವರು. ಯೋಗ, ಸಸ್ಯಾಹಾರ, ಮೌನದ ನಡುವೆ ಬೆಳೆದ ಹುಡುಗನಿಗೆ ಹುಚ್ಚು ಹಿಡಿಸಿದ್ದು ಮಾತ್ರ ಮುಖಕ್ಕೆ ಬಣ್ಣ ಬಳಿದು ಬೆಂಕಿಯುಗುಳುವ ಕಿಸ್ ತಂಡ. ಹೆವಿ ಮೆಟಲ್ ಗಿಟಾರ್ ವಾದಕನಾಗುವ ಕನಸಿನಿಂದ ಲಾಸ್ ಏಂಜಲೀಸ್ ಸೇರಿದ ಅವರು ಟವರ್ ರೆಕಾರ್ಡ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೇರೆ ಬಗೆಯ ಸಂಗೀತ ಅವರ ಕಿವಿಗೆ ಬಿದ್ದದ್ದು ಅಲ್ಲಿ.

ಹಾಗಾಗಿಯೇ ವೀಜರ್ ಸಂಗೀತದಲ್ಲಿ ಎರಡು ಪದರಗಳಿವೆ. ಕೆಳಗೆ ಮೆಟಲ್‌ನಿಂದ ಬಂದ ದಪ್ಪ, ಕರಕಲು ಗಿಟಾರ್. ಮೇಲೆ ಅರವತ್ತರ ದಶಕದ ಬೀಚ್ ಬಾಯ್ಸ್ ತಂಡವನ್ನು ನೆನಪಿಸುವ ಸಿಹಿಯಾದ, ಒಂದೇ ಸಲಕ್ಕೆ ಬಾಯಿಗೆ ಹತ್ತುವ ರಾಗ. ಇಂಥ ಸಂಗೀತಕ್ಕೆ ಪವರ್ ಪಾಪ್ ಎಂಬ ಹೆಸರನ್ನು 1967ರಲ್ಲೇ ಬಳಸಿದವರು ದ ಹೂ ತಂಡದ ಪೀಟ್ ಟೌನ್‌ಶೆಂಡ್. ಎಪ್ಪತ್ತರ ದಶಕದಲ್ಲಿ ಬಿಗ್ ಸ್ಟಾರ್, ಚೀಪ್ ಟ್ರಿಕ್, ದ ಕಾರ್ಸ್ ಇದನ್ನು ಬೆಳೆಸಿದವು. ವೀಜರ್ ತನ್ನ ಮೊದಲ ಆಲ್ಬಂಗೆ ನಿರ್ಮಾಪಕರಾಗಿ ಆರಿಸಿಕೊಂಡದ್ದೂ ಕಾರ್ಸ್ ತಂಡದ ರಿಕ್ ಓಕಾಸೆಕ್ ಅವರನ್ನೇ. ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆಯಿತು. ಗಿಟಾರ್ ನಾದ ಇನ್ನಷ್ಟು ಹೊಳೆಯಬೇಕೆಂದು ಓಕಾಸೆಕ್ ಒತ್ತಾಯಿಸಿದರು. ‘ಬಡ್ಡಿ ಹಾಲಿ’ ಎಂಬ ಹಾಡನ್ನು ಸೇರಿಸಲು ಕ್ವೋಮೊ ಹಿಂಜರಿದಾಗ, ಬಿಡಬೇಡಿ ಎಂದು ಪಟ್ಟು ಹಿಡಿದವರೂ ಅವರೇ. ಕ್ರಾಪರ್ ನಡುವೆಯೇ ತಂಡ ಬಿಟ್ಟರು, ಬ್ರಯನ್ ಬೆಲ್ ಬಂದರು.

ಆಲ್ಬಂ ಹೊರಬಂದದ್ದು 1994ರ ಮೇ 10ರಂದು, ನಿರ್ವಾಣ ತಂಡದ ಕರ್ಟ್ ಕೋಬೇನ್ ತೀರಿಕೊಂಡು ಒಂದು ತಿಂಗಳಾದ ಮೇಲೆ. ಎರಡೂ ತಂಡಗಳ ಕಂಪನಿ ಒಂದೇ, ಗೆಫನ್‌ನ ಡಿಜಿಸಿ. ಅಮೆರಿಕದ ರಾಕ್ ಆಗ ನೋವು, ಸಿಟ್ಟು, ವಿಷಾದಗಳಲ್ಲಿ ಮುಳುಗಿತ್ತು. ಅಂಥ ಹೊತ್ತಿನಲ್ಲಿ ನೀಲಿ ಹಿನ್ನೆಲೆಯ ಮುಂದೆ ಸಾಲಾಗಿ ನಿಂತ, ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಹಿಂದಿನ ಬೆಂಚಿನವರಂತೆ ಕಾಣುವ ನಾಲ್ವರು, ಗ್ಯಾರೇಜಿನಲ್ಲಿ ಒಬ್ಬನೇ ಕೂತು ಆಡುವ ಆಟಗಳ ಬಗ್ಗೆ, ಎಳೆ ಬಿಚ್ಚುತ್ತಾ ಹೋಗುವ ಸ್ವೆಟರ್ ಬಗ್ಗೆ ಹಾಡಿದರು. ನಗೆಯಾಟಿಕೆಯಂತೆ ತೋರುವ ಈ ಹಾಡುಗಳ ಒಳಗೆ ಹೆದರಿಕೆ ಇದೆ. ‘ಸೇ ಇಟ್ ಏನ್ಟ್ ಸೋ’ದಲ್ಲಿ ಫ್ರಿಜ್ಜಿನಲ್ಲಿ ಕಂಡ ಬಿಯರ್ ಬಾಟಲಿಯೊಂದು, ಕುಡಿತ ಮನೆಯನ್ನು ಮುರಿದೀತೆಂಬ ಮಗನ ಭಯವನ್ನು ಎಬ್ಬಿಸುತ್ತದೆ. ಕ್ವೋಮೊ ಅದನ್ನು ಚೀರುವುದಿಲ್ಲ. ಮೊದಲು ಮೆಲ್ಲಗೆ, ಸ್ವಲ್ಪ ಜಾಸ್‌ನ ತೂಗಾಟದಲ್ಲಿ ಹಾಡಿ, ಗಿಟಾರ್ ಸಿಡಿಯುವವರೆಗೆ ಕಾಯುತ್ತಾರೆ. ಮುಖಪುಟದ ಬಣ್ಣದಿಂದಲೇ ಗುರುತಿಸಲಾಗುವ ಈ ನೀಲಿ ಆಲ್ಬಂ ಅನ್ನು ಇವತ್ತಿಗೂ ಜನ ಕೇಳುವುದಕ್ಕೆ ಹಳೆಯ ನೆನಪಿನ ಸುಖವೊಂದೇ ಕಾರಣ ಎನ್ನುವವರು ಈ ಹಾಡನ್ನು ಇನ್ನೊಮ್ಮೆ ಕೇಳಬೇಕು. 2024ರಲ್ಲಿ ಅದನ್ನು ಕೂಗಿ ಹಾಡಿದವರಲ್ಲಿ 1994ರಲ್ಲಿ ಇನ್ನೂ ಹುಟ್ಟಿರದವರೂ ಇದ್ದರು.

‘ಬಡ್ಡಿ ಹಾಲಿ’ಯ ವಿಡಿಯೊ ನಿರ್ದೇಶಿಸಿದವರು ಸ್ಪೈಕ್ ಜೋನ್ಜ್. ಎಪ್ಪತ್ತರ ದಶಕದ ‘ಹ್ಯಾಪಿ ಡೇಸ್’ ಟಿವಿ ಧಾರಾವಾಹಿಯ ಹೋಟೆಲಿನಲ್ಲೇ ತಂಡ ಹಾಡುತ್ತಿರುವಂತೆ ಹಳೆಯ ದೃಶ್ಯಗಳನ್ನೂ ಹೊಸವನ್ನೂ ಹೆಣೆದರು. 1995ರ ಎಂಟಿವಿ ಪ್ರಶಸ್ತಿಗಳಲ್ಲಿ ಅದಕ್ಕೆ ನಾಲ್ಕು ಬಂದವು. ಅದಕ್ಕಿಂತ ದೊಡ್ಡ ಅದೃಷ್ಟ ಮೈಕ್ರೋಸಾಫ್ಟ್‌ನಿಂದ ಬಂತು: 1995ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 95ರ ಸಿಡಿಯಲ್ಲಿ, ಕಂಪ್ಯೂಟರ್ ವಿಡಿಯೊವನ್ನೂ ತೋರಿಸಬಲ್ಲದು ಎಂಬುದಕ್ಕೆ ಮಾದರಿಯಾಗಿ ಈ ಹಾಡನ್ನು ಸೇರಿಸಲಾಗಿತ್ತು. ಅಮೆರಿಕದ ರಾಕ್ ಸಂಗೀತದ ಗಂಧಗಾಳಿ ಇಲ್ಲದ ಮನೆಗಳಿಗೂ ವೀಜರ್ ಹೀಗೆ ಆಪರೇಟಿಂಗ್ ಸಿಸ್ಟಮ್ ಜೊತೆ ಹೋಯಿತು. ಬೆಂಗಳೂರಿನಲ್ಲಿ ಆ ಕಾಲದಲ್ಲಿ ಕಂಪ್ಯೂಟರ್ ಕಲಿತವರಲ್ಲಿ ಸಿಡಿಯ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡುವ ಚಟವಿದ್ದವರಿಗೆ ಈ ಹಾಡು ಗೊತ್ತಿರುತ್ತದೆ, ತಂಡದ ಹೆಸರು ಗೊತ್ತಿರದಿದ್ದರೂ.

ಗೆದ್ದವರು ಗೆದ್ದ ದಾರಿಯಲ್ಲೇ ಇನ್ನೊಮ್ಮೆ ನಡೆಯುತ್ತಾರೆ. ಕ್ವೋಮೊ ಹಾಗೆ ಮಾಡದೆ 1995ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿಕೊಂಡರು. ಅವರ ಒಂದು ಕಾಲು ಹುಟ್ಟಿನಿಂದಲೇ ಗಿಡ್ಡ. ಅದನ್ನು ಉದ್ದ ಮಾಡಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕಾಲಿಗೆ ಉಕ್ಕಿನ ಚೌಕಟ್ಟು ಕಟ್ಟಿಕೊಂಡು, ಊರುಗೋಲಿನಲ್ಲಿ ತರಗತಿಗೆ ಹೋಗುತ್ತಿದ್ದ ಗಡ್ಡದ ವಿದ್ಯಾರ್ಥಿಯನ್ನು ಅಲ್ಲಿ ಹೆಚ್ಚಿನವರು ಗುರುತಿಸಲೂ ಇಲ್ಲ. ಆ ಒಂಟಿತನದಲ್ಲಿ ಬರೆದ ಹಾಡುಗಳೇ ಎರಡನೆಯ ಆಲ್ಬಂ ‘ಪಿಂಕರ್ಟನ್’ ಆದವು. ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ ಆಪೆರಾದಲ್ಲಿ ಜಪಾನಿ ಹುಡುಗಿಯನ್ನು ಮದುವೆಯಾಗಿ ಬಿಟ್ಟುಹೋಗುವ ಅಮೆರಿಕನ್ ನೌಕಾಧಿಕಾರಿಯ ಹೆಸರದು. ಅದೇ ಹೆಸರಿನ ಪತ್ತೇದಾರಿ ಕಂಪನಿಯೊಂದು ಮೊಕದ್ದಮೆ ಹೂಡಿ ಮಾರಾಟ ತಡೆಯಲು ನೋಡಿತು, ನ್ಯಾಯಾಲಯ ಒಪ್ಪಲಿಲ್ಲ. ನಿರ್ಮಾಪಕರಿಲ್ಲದೆ ತಂಡವೇ ಮುದ್ರಿಸಿಕೊಂಡ ಈ ಆಲ್ಬಂನಲ್ಲಿ ಗಿಟಾರ್ ಒರಟು, ಡ್ರಮ್ಸ್ ಕಿವಿಗಡಚಿಕ್ಕುವಂಥದ್ದು, ಮಾತು ದಿನಚರಿಯ ಪುಟದಂತೆ ಬೆತ್ತಲೆ.

1996ರ ಸೆಪ್ಟೆಂಬರ್ 24ರಂದು ಬಂದ ಅದು ಮುಗ್ಗರಿಸಿತು. ಅಮೆರಿಕದಲ್ಲಿ ಜನಪ್ರಿಯತೆಯನ್ನು ಅಳೆಯುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೆ ಬಂದು ಇಳಿಯಿತು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಓದುಗರು ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಂಗಳ ಸಾಲಿಗೆ ಸೇರಿಸಿದರು. 1998ರಲ್ಲಿ ಮ್ಯಾಟ್ ಶಾರ್ಪ್ ತಂಡ ಬಿಟ್ಟರು. ಕ್ವೋಮೊ ಲಾಸ್ ಏಂಜಲೀಸ್‌ನ ಮನೆಯೊಂದರಲ್ಲಿ ಗೋಡೆಗಳಿಗೆ ಕಪ್ಪು ಬಣ್ಣ ಬಳಿದು, ಕಿಟಕಿಗಳನ್ನು ಮುಚ್ಚಿ ಬದುಕಿದ ದಿನಗಳು ಇವು.

ತಂಡ ಮೌನವಾಗಿದ್ದಾಗ ಅಭಿಮಾನಿಗಳು ಮೌನವಾಗಿರಲಿಲ್ಲ. ಆಗತಾನೇ ಹರಡುತ್ತಿದ್ದ ಅಂತರ್ಜಾಲದಲ್ಲಿ ಪಿಂಕರ್ಟನ್ ಕೈಯಿಂದ ಕೈಗೆ ದಾಟಿತು. ತಮ್ಮ ಒಳಗುದಿಯನ್ನು ಬಿಚ್ಚಿ ಹಾಡುವ ಇಮೋ ತಂಡಗಳ ಒಂದು ತಲೆಮಾರು ಅದನ್ನೇ ಗುರುವೆಂದು ಬಗೆಯಿತು. 2002ರಲ್ಲಿ ಅದೇ ‘ರೋಲಿಂಗ್ ಸ್ಟೋನ್’ ಓದುಗರು ಅದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳಲ್ಲಿ 16ನೆಯದಾಗಿ ಆರಿಸಿದರು. 2010ರ ಮರುಮುದ್ರಣಕ್ಕೆ ಸಂಗೀತ ವಿಮರ್ಶೆಯ ಜಾಲತಾಣ ‘ಪಿಚ್‌ಫೋರ್ಕ್’ ಹತ್ತಕ್ಕೆ ಹತ್ತು ಕೊಟ್ಟಿತು. ಅಮೆರಿಕದಲ್ಲಿ ಹತ್ತು ಲಕ್ಷದ ಪ್ಲಾಟಿನಂ ಗಡಿ ದಾಟಿದ್ದು ಮಾತ್ರ 2016ರಲ್ಲಿ, ಬಿಡುಗಡೆಯಾಗಿ ಇಪ್ಪತ್ತು ವರ್ಷಕ್ಕೆ.

ಆದರೆ ಈ ಮರುಮೌಲ್ಯಮಾಪನ ಕ್ವೋಮೊ ಪಾಲಿಗೆ ತಡವಾಗಿತ್ತು. ಅಷ್ಟರಲ್ಲಿ ಅವರು ತಮ್ಮ ಪಾಠ ಕಲಿತಾಗಿತ್ತು. ನಿರ್ವಾಣ, ಗ್ರೀನ್ ಡೇ, ಒಯಾಸಿಸ್ ಹಾಡುಗಳನ್ನು ಬಿಡಿಸಿ, ಎಲ್ಲಿ ಪಲ್ಲವಿ ಬರುತ್ತದೆ, ಎಲ್ಲಿ ರಾಗ ಏರುತ್ತದೆ ಎಂದು ದಾಖಲಿಸುವ ಕಡತವೊಂದನ್ನು ಇಟ್ಟರು. ಅದಕ್ಕೆ ಅವರಿಟ್ಟ ಹೆಸರು ‘ಪಾಪ್ ವಿಶ್ವಕೋಶ’. 2001ರ ಹಸಿರು ಆಲ್ಬಂ ಈ ಅಭ್ಯಾಸದ ಫಲ. ಓಕಾಸೆಕ್ ಮರಳಿ ಬಂದರು, ಹತ್ತು ಹಾಡುಗಳು ಅರ್ಧ ಗಂಟೆಯೊಳಗೆ ಮುಗಿದವು, ‘ಐಲೆಂಡ್ ಇನ್ ದ ಸನ್’ ಜಗತ್ತಿನಾದ್ಯಂತ ಕೇಳಿಸಿತು. ಕ್ವೋಮೊ ಆ ಹೊತ್ತಿನ ಸಂದರ್ಶನಗಳಲ್ಲಿ ಪಿಂಕರ್ಟನ್ ಅನ್ನು ಬಹಿರಂಗವಾಗಿಯೇ ತಿರಸ್ಕರಿಸಿದರು. ಅಭಿಮಾನಿಗಳು ತಮ್ಮ ಬದುಕೆಂದು ಅಪ್ಪಿಕೊಂಡದ್ದನ್ನು ಬರೆದವರೇ ನಾಚಿಕೆಯ ವಸ್ತು ಎಂದರು. ಹಸಿರು ಆಲ್ಬಂನ ಹಲವು ಹಾಡುಗಳಲ್ಲಿ ಗಿಟಾರ್ ಸೋಲೊ ಗಾಯನದ ರಾಗವನ್ನೇ ಚಾಚೂ ತಪ್ಪದೆ ನುಡಿಸುತ್ತದೆ. ಕುಶಲತೆ ಇದೆ, ಅಪಾಯವೇ ಇಲ್ಲ. ನನಗೆ ಅದು ಗಾಯಗೊಂಡವರು ಕಟ್ಟಿಕೊಂಡ ಗೋಡೆಯ ಹಾಗೆ ಕೇಳಿಸುತ್ತದೆ.

ಮುಂದಿನದು ತೂಗುಯ್ಯಾಲೆ. 2002ರ ‘ಮ್ಯಾಲಡ್ರಾಯ್ಟ್’ ಹಾಡುಗಳ ಕಚ್ಚಾ ರೂಪಗಳನ್ನು ಅಂತರ್ಜಾಲದಲ್ಲಿ ಹಾಕಿ ಅಭಿಮಾನಿಗಳ ಸಲಹೆ ಕೇಳಿದರು. ಫೇಸ್‌ಬುಕ್, ಯೂಟ್ಯೂಬ್ ಹುಟ್ಟುವ ಮೊದಲೇ ಇದು ನಡೆಯಿತು. 2005ರ ‘ಮೇಕ್ ಬಿಲೀವ್’ಗೆ ನಿರ್ಮಾಪಕರು ರಿಕ್ ರೂಬಿನ್. ಧ್ಯಾನ ಮಾಡಿ ನೋಡಿ ಎಂದು ಅವರು ಹೇಳಿದಾಗ, ಆಶ್ರಮದಲ್ಲಿ ಬೆಳೆದಿದ್ದ ಕ್ವೋಮೊ ಮೊದಮೊದಲು ಒಪ್ಪಲಿಲ್ಲ, ಆಮೇಲೆ ಎಸ್.ಎನ್. ಗೋಯಂಕಾ ಅವರ ವಿಪಶ್ಯನ ಪದ್ಧತಿಗೆ ಒಲಿದು, ಅದನ್ನೇ ಹಿಡಿದರು. ಆ ಆಲ್ಬಂನ ‘ಬೆವರ್ಲಿ ಹಿಲ್ಸ್’ ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿಯಲ್ಲಿ 10ನೆಯ ಸ್ಥಾನಕ್ಕೆ ಏರಿತು, ತಂಡ ಅಲ್ಲಿಯವರೆಗೆ ಕಾಣದ ಎತ್ತರವದು. ಅದೇ ಆಲ್ಬಂಗೆ ‘ಪಿಚ್‌ಫೋರ್ಕ್’ ಕೊಟ್ಟ ಅಂಕ ಹತ್ತಕ್ಕೆ 0.4. ವಿಮರ್ಶಕರು ಬೈದಾಗ ಜನ ಕೊಂಡರು, ಜನ ಕೈಬಿಟ್ಟದ್ದನ್ನು ವಿಮರ್ಶಕರು ಎತ್ತಿಕೊಂಡರು. ಯಾರ ಮಾತು ಕೇಳಬೇಕು? ಕಂಪನಿ ಇನ್ನಷ್ಟು ಜನಪ್ರಿಯ ಹಾಡು ಬೇಕೆಂದಾಗ ಕ್ವೋಮೊ ಸಿಟ್ಟಿನಿಂದ ಬರೆದ ‘ಪೋರ್ಕ್ ಆಂಡ್ ಬೀನ್ಸ್’ 2008ರಲ್ಲಿ ಪರ್ಯಾಯ ರಾಕ್ ಪಟ್ಟಿಯ ತುದಿಗೇರಿತು, ಅದರ ವಿಡಿಯೊಗೆ ಗ್ರ್ಯಾಮಿ ಬಂತು. ಧಿಕ್ಕಾರವೂ ಮಾರಾಟವಾಗುತ್ತದೆ ಎಂದಾಯಿತು.

2010ರ ಹೊತ್ತಿಗೆ ಹಳೆಯ ಅಭಿಮಾನಿಗಳ ಬೇಸರ ಎಷ್ಟಿತ್ತೆಂದರೆ, ತಂಡವನ್ನು ಮುಚ್ಚಿಸಲು ಒಂದು ಕೋಟಿ ಡಾಲರ್ ಸಂಗ್ರಹಿಸುತ್ತೇನೆಂದು ಒಬ್ಬರು ಆನ್‌ಲೈನ್ ಚಂದಾ ಎತ್ತಲು ಹೊರಟರು. ಎರಡು ಕೋಟಿ ಮಾಡಿದರೆ ಇನ್ನೂ ಭರ್ಜರಿಯಾಗಿ ಒಡೆದುಹೋಗುತ್ತೇವೆ ಎಂಬರ್ಥದ ಉತ್ತರ ಕೊಟ್ಟವರು ಡ್ರಮ್ಸ್‌ನ ವಿಲ್ಸನ್. ಅದೇ ವರ್ಷದ ಕೊನೆಯಲ್ಲಿ ತಂಡ ‘ಮೆಮೊರೀಸ್’ ಪ್ರವಾಸ ಆರಂಭಿಸಿ, ಒಂದು ರಾತ್ರಿ ನೀಲಿ ಆಲ್ಬಂ, ಮರುರಾತ್ರಿ ಪಿಂಕರ್ಟನ್ ಪೂರ್ತಿಯಾಗಿ ಹಾಡಿತು. ಕ್ರೀಡಾಂಗಣಗಳ 2024ರ ಪ್ರವಾಸಕ್ಕೆ ಬೀಜ ಬಿದ್ದದ್ದು ಇಲ್ಲೇ. ಹಾಡಲು ನಾಚಿದ್ದ ಹಾಡುಗಳಿಗೆ ಟಿಕೆಟ್ ಹಚ್ಚಬಹುದು ಎಂಬುದು ಗೊತ್ತಾಗಿತ್ತು.

ಸ್ಟ್ರೀಮಿಂಗ್ ಕಾಲದ ವೀಜರ್ ಅನ್ನು ಅರ್ಥ ಮಾಡಿಕೊಳ್ಳಲು ಎರಡು ಸಂಗತಿ ಸಾಕು. ಒಂದು, ಕ್ವೋಮೊ ಅವರ ಸ್ಪ್ರೆಡ್‌ಶೀಟ್. ಮನಸ್ಸಿಗೆ ಬಂದದ್ದನ್ನೆಲ್ಲ ದಿನಚರಿಯಲ್ಲಿ ಬರೆಯುತ್ತಾರೆ. ಹೊಳೆಯುವ ಸಾಲುಗಳನ್ನು ಆರಿಸಿ, ಪ್ರತಿ ಸಾಲಿನಲ್ಲಿ ಎಷ್ಟು ಉಚ್ಚಾರಾಂಶಗಳಿವೆ, ಒತ್ತು ಎಲ್ಲಿ ಬೀಳುತ್ತದೆ ಎಂದು ಕೋಷ್ಟಕಕ್ಕೆ ಏರಿಸುತ್ತಾರೆ. ರಾಗ ಸಿದ್ಧವಾದ ಮೇಲೆ ಅದರ ಅಳತೆಗೆ ಕೂರುವ ಸಾಲುಗಳನ್ನು ಹೆಕ್ಕುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಸಾಲುಗಳು ಹೀಗೆ ಪಕ್ಕಪಕ್ಕ ಬರುತ್ತವೆ. ಮಾತ್ರೆ ಎಣಿಸಿ ಷಟ್ಪದಿ ಕಟ್ಟಿದವರ ನಾಡಿನಲ್ಲಿ ಲೆಕ್ಕವನ್ನು ಹೀಗಳೆಯಲು ಯಾರಿಗೂ ಹಕ್ಕಿಲ್ಲ. 2016ರ ಬಿಳಿ ಆಲ್ಬಂ ಈ ವಿಧಾನದಿಂದಲೇ ಬಂದದ್ದು, ಅದು ಚೆನ್ನಾಗಿಯೂ ಇದೆ. ಸಮಸ್ಯೆ ಲೆಕ್ಕದ್ದಲ್ಲ. ‘ಸೇ ಇಟ್ ಏನ್ಟ್ ಸೋ’ದಲ್ಲಿ ಬಾಟಲಿಯಿಂದ ತಂದೆಗೆ, ತಂದೆಯಿಂದ ಮಗನಿಗೆ ಹಾಯುವ ಭಯಕ್ಕೆ ಒಂದು ನಡೆ ಇದೆ, ಕೋಷ್ಟಕದಿಂದ ಹೆಕ್ಕಿದ ಸಾಲುಗಳಿಗೆ ಆ ನಡೆ ಅಪರೂಪಕ್ಕೆ ಒದಗುತ್ತದೆ.

ಎರಡನೆಯದು ‘ಆಫ್ರಿಕಾ’. 2017ರ ಕೊನೆಯಲ್ಲಿ ಹದಿಹರೆಯದ ಅಭಿಮಾನಿಯೊಬ್ಬಳು, ಟೋಟೊ ತಂಡದ 1982ರ ಈ ಹಾಡನ್ನು ವೀಜರ್ ಹಾಡಬೇಕೆಂದು ಟ್ವಿಟರ್‌ನಲ್ಲಿ ಖಾತೆ ತೆರೆದು ದುಂಬಾಲು ಬಿದ್ದಳು. 2018ರ ಮೇ ತಿಂಗಳಲ್ಲಿ ತಂಡ ಮೊದಲು ಟೋಟೊದ್ದೇ ಇನ್ನೊಂದು ಹಾಡು ‘ರೋಸಾನಾ’ ಹಾಡಿ ಕಿಚಾಯಿಸಿ, ಕೆಲವೇ ದಿನಗಳಲ್ಲಿ ‘ಆಫ್ರಿಕಾ’ವನ್ನೂ ಬಿಟ್ಟಿತು. ಪರ್ಯಾಯ ರಾಕ್ ಪಟ್ಟಿಯಲ್ಲಿ ಹತ್ತು ವರ್ಷಗಳ ನಂತರ ವೀಜರ್ ಮೊದಲ ಸ್ಥಾನಕ್ಕೆ ಬಂತು, ತಾನು ಬರೆಯದ ಹಾಡಿನಿಂದ. ಹಣದ ಲೆಕ್ಕವನ್ನೂ ನೋಡಬೇಕು. ಒಂದು ಹಾಡಿಗೆ ಎರಡು ಹಕ್ಕುಗಳು: ರಚನೆಯದೊಂದು, ಧ್ವನಿಮುದ್ರಣದ್ದೊಂದು. ಒಮ್ಮೆ ಬಿಡುಗಡೆಯಾದ ಹಾಡನ್ನು ಮತ್ತೊಬ್ಬರು ಹಾಡಿ ಮುದ್ರಿಸಲು ಅಮೆರಿಕದ ಕಾನೂನಿನಲ್ಲಿ ರಚನೆಕಾರರ ಅನುಮತಿ ಬೇಕಿಲ್ಲ, ನಿಗದಿಯಾದ ಶುಲ್ಕ ಕೊಟ್ಟರೆ ಸಾಕು. ಹಾಗಾಗಿ ವೀಜರ್‌ನ ‘ಆಫ್ರಿಕಾ’ ಎಷ್ಟು ಓಡಿದರೂ ರಚನೆಯ ಪಾಲು ಅದನ್ನು ಬರೆದ ಡೇವಿಡ್ ಪೇಚ್ ಮತ್ತು ಜೆಫ್ ಪೋರ್ಕಾರೊ ಕಡೆಗೇ ಹೋಗುತ್ತದೆ. ವೀಜರ್‌ಗೆ ದಕ್ಕಿದ್ದು ಧ್ವನಿಮುದ್ರಣದ ಪಾಲು, ಅದಕ್ಕಿಂತ ಮುಖ್ಯವಾಗಿ ಹೊಸ ಕೇಳುಗರ ಗಮನ. ಮರುವರ್ಷ ಬರೀ ಪರರ ಹಾಡುಗಳ ಆಲ್ಬಂ ಒಂದನ್ನೇ ತಂಡ ಹೊರತಂದಿತು. ಇಲ್ಲಿ ಬೇರೆಯವರ ಕ್ಯಾಟಲಾಗ್ ಕೂಡ ಹೊಸ ವೀಜರ್ ಹಾಡನ್ನು ಸೋಲಿಸಿತು.

2018ರ ಡಿಸೆಂಬರ್‌ನಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮ ಒಂದು ಪ್ರಹಸನ ಮಾಡಿತು. ಊಟದ ಮೇಜಿನಲ್ಲಿ ಮ್ಯಾಟ್ ಡೇಮನ್ ಮತ್ತು ಲೆಸ್ಲಿ ಜೋನ್ಸ್ ಪಾತ್ರಗಳು, ಮೊದಲ ಎರಡು ಆಲ್ಬಂಗಳಷ್ಟೇ ವೀಜರ್ ಎಂದೂ, ಅಲ್ಲ ಎಲ್ಲವೂ ವೀಜರ್ ಎಂದೂ ಕೈಕೈ ಮಿಲಾಯಿಸುವಷ್ಟು ಜಗಳವಾಡುತ್ತವೆ. ಸಂಗೀತ ವಿಮರ್ಶೆಗಳಿಗಿಂತ ಚುರುಕಾಗಿ ಅದು ವಿಷಯವನ್ನು ಹಿಡಿದಿತ್ತು.

ಹಾಗೆಂದು ಹೊಸದೆಲ್ಲ ಟೊಳ್ಳು ಎನ್ನುವಂತಿಲ್ಲ. 2021ರ ‘ಓಕೆ ಹ್ಯೂಮನ್’ನಲ್ಲಿ ಗಿಟಾರ್ ಗದ್ದಲವನ್ನು ಬದಿಗಿಟ್ಟು, 38 ಮಂದಿಯ ವಾದ್ಯವೃಂದದೊಂದಿಗೆ, ಪರದೆಗಳಿಗೆ ಅಂಟಿಕೊಂಡ ಮನೆವಾಳ್ತೆಯ ಬಗ್ಗೆ ನಡುವಯಸ್ಸಿನ ಗೃಹಸ್ಥನೊಬ್ಬ ಹಾಡುತ್ತಾನೆ. ಇಪ್ಪತ್ತು ವರ್ಷಗಳಲ್ಲಿ ವೀಜರ್ ಮಾಡಿದ್ದರಲ್ಲಿ ಇದು ನನಗೆ ಅತಿ ಪ್ರಾಮಾಣಿಕವಾಗಿ ಕೇಳಿಸುತ್ತದೆ, ಬಹುಶಃ ಯಾರ ತೀರ್ಪಿಗೂ ಕಾಯದೆ ಬರೆದದ್ದರಿಂದ. ಕ್ರೀಡಾಂಗಣದಲ್ಲಿ ಇದನ್ನು ಕೇಳಲು ಟಿಕೆಟ್ ಕೊಳ್ಳುವವರು ಕಡಿಮೆ. ಕ್ವೋಮೊ ಅದಕ್ಕೂ ತಮ್ಮದೇ ದಾರಿ ಹುಡುಕಿದ್ದಾರೆ. ಹಾರ್ವರ್ಡ್‌ನ ಆನ್‌ಲೈನ್ ಕಂಪ್ಯೂಟರ್ ಕೋರ್ಸ್ ಮುಗಿಸಿ, ತಾವೇ ಕೋಡ್ ಬರೆದ ಜಾಲತಾಣದಲ್ಲಿ 2020ರ ಕೊನೆಗೆ ತಮ್ಮ 2,400ಕ್ಕೂ ಹೆಚ್ಚು ಕಚ್ಚಾ ಧ್ವನಿಮುದ್ರಣಗಳನ್ನು ಮಾರಾಟಕ್ಕಿಟ್ಟರು. ನಡುವೆ ಕಂಪನಿ ಇಲ್ಲ, ಸ್ಟ್ರೀಮಿಂಗ್ ಸಂಸ್ಥೆಯೂ ಇಲ್ಲ. ಅಲ್ಲಿಯೂ ಮಾರಾಟವಾಗುವ ಸರಕು ಹಳೆಯದೇ ಎಂಬುದು ಬೇರೆ ಮಾತು.

2026ರ ಸೆಪ್ಟೆಂಬರ್ 24ಕ್ಕೆ ಪಿಂಕರ್ಟನ್‌ಗೆ ಮೂವತ್ತು ತುಂಬುತ್ತದೆ. ನೀಲಿ ಆಲ್ಬಂ ಅನ್ನು ಪೂರ್ತಿ ಹಾಡುವುದು ಸುಲಭವಿತ್ತು, ಅದರಲ್ಲಿ ಯಾರಿಗೂ ಇರುಸುಮುರುಸು ತರುವ ಮಾತಿಲ್ಲ. ಪಿಂಕರ್ಟನ್ ಹಾಗಲ್ಲ. ‘ಅಕ್ರಾಸ್ ದ ಸೀ’ಯಲ್ಲಿ ಜಪಾನಿನ ಹದಿನೆಂಟರ ಅಭಿಮಾನಿ ಬರೆದ ಪತ್ರವನ್ನು ಹಿಡಿದು ಗಾಯಕ ಅವಳ ಬಗ್ಗೆ ಏನೇನೋ ಕಲ್ಪಿಸಿಕೊಳ್ಳುತ್ತಾನೆ, ಏಷ್ಯಾದ ಹೆಣ್ಣು ಅಲ್ಲಿ ಮನುಷ್ಯಳಿಗಿಂತ ಹೆಚ್ಚಾಗಿ ಒಂಟಿ ಗಂಡಿನ ಕನವರಿಕೆ. ಆಪೆರಾದ ನೌಕಾಧಿಕಾರಿಯ ಹೆಸರಿಟ್ಟಾಗ ಕ್ವೋಮೊಗೆ ಈ ದೋಷ ಗೊತ್ತಿದ್ದಂತಿದೆ. ಆಲ್ಬಂ ಕೊನೆಗೊಳ್ಳುವುದೂ ಕ್ಷಮೆ ಕೇಳುವ ಧ್ವನಿಯಲ್ಲಿ. ಆದರೂ ಆತ್ಮನಿಂದೆಯನ್ನು ಪ್ರಾಮಾಣಿಕತೆ ಎಂದು ಕೊಂಡಾಡಿದ ಅಭಿಮಾನಿಗಳು ಅದರೊಳಗಿನ ಆ ಹುಡುಗಿಯ ಕಡೆ ನೋಡಿದ್ದು ಕಡಿಮೆ. ಮೂವತ್ತನೆಯ ವರ್ಷದ ಪ್ರವಾಸ ನಡೆದರೆ ಹಾಡಬೇಕಾದವರಿಗೆ ಆಗ ಐವತ್ತಾರು ವರ್ಷ, ಎದುರಿಗಿರುವವರಲ್ಲಿ ಹಲವರಿಗೆ ಇಪ್ಪತ್ತು. ಆ ಪತ್ರದ ಹಾಡಿಗೆ ಅವರು ಯಾವ ತೀರ್ಪು ಕೊಡುತ್ತಾರೆ, ಕ್ವೋಮೊ ಈ ಸಲ ಅದಕ್ಕೆ ಕಿವಿಗೊಡುತ್ತಾರೆಯೇ ಎಂಬುದನ್ನು ನೋಡಬೇಕು.